ಮತ್ತೆ ಬರೋ ಹಂಗಿಲ್ಲ

ಹೊಳೆ ದಂಡೆಯ ಆಶ್ರಮದಲ್ಲಿ ನಿರ್ವಾಣಯ್ಯ ಅನ್ನೋ ಗುರುಗಳಿದ್ದರು. ಅಫೀಮಿನ ಚಟ ಹತ್ತಿಸಿಕೊಂಡವರು ಅವರ ಹತ್ತಿರ ಬರುತ್ತಿದ್ದರು. ಬಂದವರಿಗೆ ತಿಂಗಳುಗಟ್ಟಲೆ ಗಂಜಿ, ಕಷಾಯ, ತೋಟದ ಕೆಲಸ.

ಯಾರಾದರೂ ವಾಸಿಯಾಗಿ ಊರಿಗೆ ಹೊರಟರೆ ಗುರುಗಳು ದಾರಿಯ ತನಕ ಜೊತೆಗೆ ನಡೆದು ಹೇಳುತ್ತಿದ್ದುದು ಒಂದೇ ಮಾತು. "ಹೋಗಿ ಬಾ."

ಶಿಷ್ಯ ಕಲ್ಲೇಶಿಗೆ ಅದೇ ಕಿರಿಕಿರಿ. "ಬುದ್ಧಿ, ವಾಸಿಯಾದವನನ್ನ ಮತ್ತೆ ಬಾ ಅಂತ ಕರೆಯೋದಾ? ಕೇಳಿದವರು ಏನಂದಾರು?"

ಗುರುಗಳು ನಕ್ಕು ತೋಟದ ಕಡೆ ನಡೆಯುತ್ತಿದ್ದರು.

ಒಮ್ಮೆ ಅವರು ಪರವೂರಿಗೆ ಹೋದರು. ಕಲ್ಲೇಶಿಗೆ ರೆಕ್ಕೆ ಬಂತು. ಪಾಪ, ಕೆಟ್ಟ ಹುಡುಗನೇನಲ್ಲ. ಅವಸರ, ಅದೊಂದೇ ಅವನ ಕಾಯಿಲೆ. ಸಂತೆಯ ನಡುವೆ ನಿಂತು ಕೂಗಿಯೇಬಿಟ್ಟ.

"ಮೂರೇ ದಿನ! ಅಫೀಮು ಬಿಟ್ಟು ಮನೆಗೆ ಹೋಗಿ! ಮತ್ತೆ ಬರೋ ಹಂಗೇ ಇಲ್ಲ!"

ಬಳೆಗಾರ ಮುದ್ದಯ್ಯ ನಂಬಿ ಬಂದ. ಕಲ್ಲೇಶಿ ಕಟು ಔಷಧಿ ಕುಡಿಸಿದ. ಮುದ್ದಯ್ಯ ಮೂರು ದಿನ ಕಾರಿಕೊಂಡ, ನಡುಗಿದ, ಗೋಡೆಗೆ ತಲೆ ಚಚ್ಚಿಕೊಂಡ. ನಾಲ್ಕನೆಯ ದಿನ ಎದ್ದು ಕೂತು ಗಂಜಿ ಕೇಳಿದ. ಕಲ್ಲೇಶಿ ಅವನನ್ನು ಸಂತೆಯಲ್ಲೆಲ್ಲ ಮೆರೆಸಿ ಮನೆಗೆ ಕಳಿಸಿದ.

ಗುರುಗಳು ವಾಪಸು ಬಂದಾಗ ಓಡಿ ಹೋಗಿ ಎಲ್ಲ ಹೇಳಿದ, ಬೆನ್ನು ತಟ್ಟುತ್ತಾರೆ ಅಂತ.

ಗುರುಗಳು ಕೈಯಲ್ಲಿದ್ದ ಚೊಂಬು ಕೆಳಗಿಟ್ಟರು. "ಕಳಿಸುವಾಗ ಏನಂದೆ?"

"ಮತ್ತೆ ಬರೋ ಹಂಗಿಲ್ಲ ಅಂದೆ, ಬುದ್ಧಿ."

"ಔಷಧಿ ಮೈ ತೊಳೀತದೆ ಮಗಾ, ಆಸೆ ತೊಳೆಯಲ್ಲ. ಮೊದಲು ಅರಗಿಸಿಕೊಳ್ತಿದ್ದ ಅಫೀಮಿನ ಗುಳಿಗೆಯನ್ನೇ ಈಗ ನುಂಗಿದರೆ ಅವನು ಸಾಯ್ತಾನೆ. ಅದನ್ನ ಹೇಳಿದೆಯಾ?"

ಹೇಳಿರಲಿಲ್ಲ. ಸಂತೆಯಲ್ಲಿ ಅದನ್ನೂ ಕೂಗಿದ್ದರೆ ಯಾರು ಬರುತ್ತಿದ್ದರು?

ಗುರುಗಳು ಆಗಲೇ ದಾರಿಗಿಳಿದಿದ್ದರು. ಅವರು ಓಡಿದ್ದನ್ನು ಕಲ್ಲೇಶಿ ಯಾವತ್ತೂ ಕಂಡಿರಲಿಲ್ಲ. ಹಿಂದೆಯೇ ಓಡಿದ.

ಬಾಗಿಲಲ್ಲಿ ಮುದ್ದಯ್ಯನ ಹೆಂಡತಿ ಗೌರವ್ವ ಬೆರಳನ್ನು ತುಟಿಗಿಟ್ಟುಕೊಂಡಳು. "ಮೆಲ್ಲಗೆ ಬುದ್ಧಿ, ಮಲಗಿದಾರೆ. ಎಷ್ಟೋ ದಿನಕ್ಕೆ ಒಳ್ಳೆ ನಿದ್ದೆ ಹತ್ತಿದೆ."

ಗುರುಗಳು ಅವಳನ್ನು ಸರಿಸಿ ಒಳಗೆ ನುಗ್ಗಿದರು.

ಮುದ್ದಯ್ಯನ ತುಟಿ ನೇರಳೆಯಾಗಿತ್ತು. ಕಲ್ಲೇಶಿ ಅವನ ಮೂಗಿನ ಹತ್ತಿರ ಬೆರಳು ಹಿಡಿದ. ಏನೂ ಇಲ್ಲ. ಆಮೇಲೆ ಒಂದು ಎಳೆ ಉಸಿರು. ಮತ್ತೆ ಏನೂ ಇಲ್ಲ.

"ಎಬ್ಬಿಸಿ ಕೂರಿಸು! ಹೆಸರು ಹಿಡಿದು ಕೂಗು! ನಿಲ್ಲಿಸಿದೆಯೋ, ಹೋದ!"

"ಮುದ್ದಯ್ಯೋರೇ! ಉಸಿರು ಎಳಕೊಳ್ಳಿ! ಮುದ್ದಯ್ಯೋರೇ!"

ಸಂತೆಯಲ್ಲಿ ಕೂಗಿದ ಗಂಟಲೇ ಅದು. ಕೂಗಿದಾಗ ಉಸಿರು ಬರುತ್ತಿತ್ತು, ನಿಲ್ಲಿಸಿದರೆ ನಿಲ್ಲುತ್ತಿತ್ತು. ಗುರುಗಳು ಅಂಗಾಲು ಉಜ್ಜುತ್ತಲೇ ಇದ್ದರು. ಈ ಸಲ ಬರದಿದ್ದರೆ ಅಂತ ಕಲ್ಲೇಶಿ ಮತ್ತೂ ಜೋರಾಗಿ ಕೂಗುತ್ತಿದ್ದ. ಹೊಸ್ತಿಲಲ್ಲಿದ್ದ ಬಿಸಿಲು ಗೋಡೆ ಹತ್ತಿದ ಮೇಲೆ ಮುದ್ದಯ್ಯ ಕಣ್ಣು ಬಿಟ್ಟ.

ಗೌರವ್ವ ಅಳುತ್ತ ಕೇಳಿದಳು. "ತಡಿಯಕ್ಕಾಗಲ್ಲ, ಆಶ್ರಮಕ್ಕೆ ಹೋಗ್ತೀನಿ ಅಂತ ಬೆಳಿಗ್ಗೆ ಹೊರಟಿದ್ರಲ್ಲಾ. ಹೊಳೆ ತನಕ ಹೋಗಿ ಯಾಕೆ ತಿರುಗಿ ಬಂದು ಆ ಗುಳಿಗೆ ನುಂಗಿದ್ರಿ?"

ಮುದ್ದಯ್ಯ ಗೋಡೆಯ ಕಡೆ ಮುಖ ತಿರುಗಿಸಿದ. "ಮತ್ತೆ ಬರೋ ಹಂಗಿಲ್ಲ ಅಂದಿದ್ರಲ್ಲ. ಯಾವ ಮುಖ ಇಟ್ಕೊಂಡು ಹೋಗಲಿ?"

ಬರಬೇಕಾದ ಅಗತ್ಯವಿಲ್ಲ ಅಂತ ಕಲ್ಲೇಶಿ ಹೇಳಿದ್ದನ್ನು, ಬರಕೂಡದು ಅಂತ ಮುದ್ದಯ್ಯ ಕೇಳಿಸಿಕೊಂಡಿದ್ದ.

ಕಲ್ಲೇಶಿ ಎದ್ದು ಅಂಗಳಕ್ಕೆ ಬಂದ. ಗುರುಗಳು ಹಿಂದೆ ಬಂದು ನಿಂತರು.

"ಬುದ್ಧಿ, ನಾನು ನಮ್ಮೂರಿಗೆ ಹೋಗ್ತೀನಿ."

"ಹೋಗಿ ಬಾ."

ಕಲ್ಲೇಶಿಗೆ ಅಳು ತಡೆಯಲಾಗಲಿಲ್ಲ. "ಬರೋದಾ? ಯಾವ ಮುಖ ಇಟ್ಕೊಂಡು ಬರಲಿ, ಬುದ್ಧಿ?"

ಗುರುಗಳು ಒಳಗಿನ ಕೋಣೆಯ ಕಡೆ ನೋಡಿದರು.

"ಅವನೂ ಇದೇ ಮುಖ ಇಟ್ಕೊಂಡು ಮಲಗಿದಾನೆ. ಇಬ್ಬರೂ ಜೊತೆಗೆ ಬನ್ನಿ."