ಹಿಂದಿರುಗಿದ ಕಾಯಿ

“ಗುರುಗಳೇ, ಕೊಟ್ಟದ್ದು ಹಿಂದಿರುಗಿ ಬಂದರೆ ಬೇಡವೆಂದೇ ಅರ್ಥವಲ್ಲವೇ?” ಎಂದು ಶಿಷ್ಯ ಕೇಳಿದ. “ಅಣ್ಣ ನನ್ನ ಮೇಲೆ ಮುನಿದು ಮಾತು ಬಿಟ್ಟಿದ್ದಾನೆ. ನಮ್ಮೂರು ಎರಡು ಹೊಳೆಯಾಚೆ. ಆ ದಾರಿಯಾಗಿ ಕಾಶಿಗೆ ಹೊರಟವರ ಕೈಯಲ್ಲಿ ಅವನಿಗೊಂದು ಬುತ್ತಿ ಕಳುಹಿಸಿದ್ದೆ. ಇವತ್ತು ಎದ್ದು ನೋಡಿದರೆ ಆಶ್ರಮದ ಬಾಗಿಲಲ್ಲೇ ತೂಗುತ್ತಿದೆ. ಹಾಕಿದ ಗಂಟು ಹಾಕಿದ ಹಾಗೇ ಇದೆ. ಇನ್ನು ಅವನ ಆಸೆ ಬಿಟ್ಟುಬಿಡಲೇ?”

ಗುರುಗಳು ಕೂರು ಎಂದರು. ಕತೆ ಹೇಳಿದರು.

ಕಡಲ ದಂಡೆಯ ಒಂದು ಊರು. ಅಲ್ಲೊಬ್ಬನಿದ್ದ. ಅವನಿಗೆ ಬಲೆಯಿಲ್ಲ, ದೋಣಿಯಿಲ್ಲ. ಕಡಲ ನೀರು ಯಾವಾಗ ಎತ್ತ ಹರಿಯುತ್ತದೆಂದು ತಿಳಿಯುವುದೇ ಕೆಲಸ. ಒಣಗಿದ ಸೋರೆಬುರುಡೆಗಳಿಗೆ ಸುಣ್ಣದ ಗುರುತು ಹಾಕಿ, ದೋಣಿಯವರ ಕೈಯಲ್ಲಿ ನಡುನೀರಿಗೆ ಬಿಡಿಸುವನು. ಆಮೇಲೆ ದಂಡೆಗುಂಟ ನಡೆದು, ಯಾವುದು ಎಲ್ಲಿ ದಡ ಸೇರಿತೆಂದು ನೋಡುವನು. ಊರು ನಗುತ್ತಿತ್ತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಒಬ್ಬ ಮೀನುಗಾರನ ಹೆಂಡತಿ. “ಸಮುದ್ರರಾಜನಿಗೆ ದಿನಾ ಸೋರೆಕಾಯಿ ಸಾರೇ ಏನಣ್ಣಾ? ಒಂದು ದಿನ ಬದನೆಕಾಯಿ ಕೊಡಬಾರದೇ?” ಎನ್ನುವಳು. ಅವನೂ ನಗುವನು.

ಒಮ್ಮೆ ಬಿರುಗಾಳಿ ಎದ್ದಿತು. ಎಲ್ಲ ದೋಣಿಗಳೂ ಬಂದವು, ಅವಳ ಗಂಡನ ದೋಣಿ ಬರಲಿಲ್ಲ. ಗಾಳಿ ಇಳಿದ ಮೇಲೆ ಹುಡುಕಿದರು, ಸಿಗಲಿಲ್ಲ. ಅವಳು ಮೈದುನನ ದೋಣಿ ಹತ್ತಿ, ಗಂಡನನ್ನು ಕಡೆಯ ಸಲ ಕಂಡ ಜಾಗಕ್ಕೆ ಹೋಗಿ, ಅರಿಸಿನದ ದಾರ ಸುತ್ತಿದ ತೆಂಗಿನಕಾಯಿಯನ್ನು ನೀರಿಗೆ ಬಿಟ್ಟಳು. “ಸಮುದ್ರರಾಜಾ, ಇದನ್ನು ಇಟ್ಟುಕೊ. ಅವರನ್ನು ಕೊಡು” ಎಂದಳು.

ಮರುದಿನ ಬುರುಡೆಯವನು ಅದೇ ಕಾಯಿ ಹಿಡಿದು ಬಂದ. ದಾರ ಹಾಗೇ ಇತ್ತು. ಕಡಲಿಗೆ ಕೊಟ್ಟ ಕಾಯಿ ಹಿಂದಿರುಗಿದರೆ ಕಡಲು ಒಲ್ಲೆ ಎಂದಿತೆಂದು ಆ ಊರಿನ ನಂಬಿಕೆ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಒಬ್ಬ ಮುದುಕಿ ಅವಳ ಬಳೆಗಳ ಕಡೆ ನೋಡಿದಳು. ಅವಳು ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

“ಇದನ್ನು ಯಾಕೆ ತಂದೆಯಣ್ಣಾ? ನಾನು ನಕ್ಕಿದ್ದಕ್ಕೆ ಹಗೆ ತೀರಿಸಿಕೊಂಡೆಯಾ?”

“ತಂಗೀ, ಹಿಂದಿರುಗಿತೆಂದು ಎಲ್ಲರೂ ಅತ್ತಿರಿ. ಎಲ್ಲಿ ಸಿಕ್ಕಿತೆಂದು ಒಬ್ಬರೂ ಕೇಳಲಿಲ್ಲ. ಇದು ಸಿಕ್ಕಿದ್ದು ತೆಂಕಣ ಬಂಡೆಯ ಆಚೆ. ನೀವು ಹುಡುಕಿದ್ದು ಬಡಗಣಕ್ಕೆ. ಖಾಲಿ ಬುರುಡೆ ಬಿಟ್ಟರೆ ಬೇಗ ಬರುತ್ತದೆ, ಅರ್ಧ ಮರಳು ತುಂಬಿದ ಬುರುಡೆ ತಡವಾಗಿ ಬರುತ್ತದೆ. ಬರುವ ದಾರಿ ಒಂದೇ. ಕಾಯಿ ಹಗುರ, ಮುಂಚೆ ಬಂತು. ದೋಣಿ ನೀರು ತುಂಬಿ ಭಾರವಾಗಿದ್ದರೆ ಹಿಂದೆ ಬರುತ್ತಿರಬೇಕು. ಏಳು, ಎದುರು ಹೋಗೋಣ.”

ತೆಂಕಣ ಬಂಡೆ ದಾಟಿ ಹೊತ್ತೇರುವವರೆಗೂ ಹುಟ್ಟು ಹಾಕಿದರು. ಮೊದಲು ಕಂಡದ್ದು ಮುರಿದ ಹಾಯಿಕಂಬ. ಆಮೇಲೆ ಅಂಚಿನವರೆಗೆ ನೀರು ತುಂಬಿದ ದೋಣಿ. ಅದರಲ್ಲಿ ನೀರು ಗೋರಿ ಗೋರಿ ಸೋತು ಒರಗಿದ್ದ ಅವಳ ಗಂಡ.

ಅವನು ಕಣ್ಣು ತೆರೆದ. “ನೀನೂ ಬಂದೆಯಾ? ಮನೆಯಲ್ಲಿ ಅಡುಗೆ ಏನು?”

“ಸೋರೆಕಾಯಿ ಸಾರು” ಎಂದಳು. ಬುರುಡೆಯವನ ಕಡೆ ನೋಡಿ, ಅಳುತ್ತಲೇ ನಕ್ಕಳು. ಹಿಂದಿರುಗಿದ ಆ ಕಾಯಿಯನ್ನು ದೋಣಿಯ ಅಂಚಿಗೆ ಬಡಿದು ಒಡೆದು, ಅದರ ನೀರನ್ನು ಗಂಡನ ಒಣಗಿದ ತುಟಿಗೆ ಬಿಟ್ಟಳು. ಹೋದ ಜೀವ ಬಂದಂತಾಯಿತು, ಇಬ್ಬರಿಗೂ.

ಕತೆ ನಿಲ್ಲಿಸಿ ಗುರುಗಳು ಬಾಗಿಲಲ್ಲಿ ತೂಗುತ್ತಿದ್ದ ಬುತ್ತಿಯ ಕಡೆ ನೋಡಿದರು.

“ಒಯ್ದವರು ಕಾಶಿಗೆ ಹೋದರು, ಎರಡು ಹೊಳೆ ದಾಟಿ ಆ ಬುತ್ತಿ ತಾನೇ ನಡೆದು ಬಂತೇನು, ಮಗು?”