ಕುಂಟುವ ಸ್ಟೂಲು

ಊರಿನ ಯುವ ಸಂಘದ ಮಕ್ಕಳು ಬಡಗಿ ಕೆಲಸ ಕಲಿಯಲೆಂದು ತಾವೇ ಮಾಡಿದ ಮೊದಲ ಸ್ಟೂಲು ಕುಂಟುತ್ತಿತ್ತು. ಪೇಟೆಯಿಂದ ತಂದ ಪ್ಲಾಸ್ಟಿಕ್ ಕುರ್ಚಿ ನಕ್ಕಿತು: "ನಿಂತಲ್ಲೇ ಕುಣಿಯುತ್ತೀಯಲ್ಲೋ ತಮ್ಮಾ! ಎಷ್ಟು ರಿಪೇರಿಯಾದರೂ ನೆಟ್ಟಗಾಗಲಿಲ್ಲ."

"ನಾನು ನೆಟ್ಟಗಾಗಲಿಲ್ಲ ಅಕ್ಕಾ, ಮಕ್ಕಳ ಕೈ ಪಳಗಿತು," ಎಂದಿತು ಸ್ಟೂಲು.

ಒಂದು ದಿನ ಕುರ್ಚಿಯ ಕಾಲು ಸೀಳಿಹೋಯಿತು. "ನನ್ನನ್ನಿನ್ನು ಗುಜರಿಗೆ ಹಾಕುತ್ತಾರೆ," ಎಂದು ಅದು ಅತ್ತಿತು.

"ಅಳಬೇಡ. ನಮ್ಮ ಮಕ್ಕಳು ಮುರಿದದ್ದನ್ನು ಕಂಡರೆ ಸುಮ್ಮನಿರುವವರಲ್ಲ," ಎಂದು ಸ್ಟೂಲು ಸಮಾಧಾನ ಮಾಡಿತು.

ಸಂಜೆ ಸಂಘದ ಹುಡುಗಿ ಶಿವಲೀಲಾ ಬಂದಳು. ಕಾಯಿಸಿದ ಮೊಳೆಯಿಂದ ಸೀಳಿನ ಎರಡೂ ಬದಿಗೆ ತೂತು ಮಾಡಿದಳು. ತಂತಿ ಪೋಣಿಸಿ ಹೊಲಿಯಲು ಸ್ಟೂಲನ್ನೇ ಎಳೆದುಕೊಂಡು ಅದರ ಮೇಲೆ ಕೂತಳು.

"ತಮ್ಮಾ, ಒಂದು ಗಳಿಗೆ ಅಲುಗಾಡಬೇಡವೋ!" ಎಂದು ಕುರ್ಚಿ ಅಂಗಲಾಚಿತು.

ಕುಂಟುವ ಸ್ಟೂಲು ಉಸಿರು ಬಿಗಿಹಿಡಿದು ನಿಂತಿತು.