ಮೂವತ್ತನೆಯ ಕೊಳಗ

"ಗುರುಗಳೇ, ಮೂವತ್ತೆರಡು ಜಿಬಿ ಎಂದು ಬರೆದ ಪೆನ್‌ಡ್ರೈವ್ ತಂದೆ. ಕಂಪ್ಯೂಟರಿಗೆ ಹಾಕಿದರೆ ಮೂವತ್ತೂ ತುಂಬುವುದಿಲ್ಲ, ಇಪ್ಪತ್ತೊಂಬತ್ತು ಚಿಲ್ಲರೆ ತೋರಿಸುತ್ತದೆ. ಉಳಿದದ್ದನ್ನು ಯಾರು ತಿಂದರು?"

ಶಿಷ್ಯ ಕೇಳಿದ್ದು ಹೀಗೆ. ಉತ್ತರವನ್ನೂ ಅವನೇ ಇಟ್ಟುಕೊಂಡಿದ್ದ. ಬೆಳಿಗ್ಗೆ ಅಂಗಡಿಯ ಮುಂದೆ ನಿಂತು, ಜನ ಕೇಳುವ ಹಾಗೆ, ಅದನ್ನು ಮಾರಿದ ಹಳೆಯ ಗೆಳೆಯ ದಾನಪ್ಪನನ್ನು ಕಳ್ಳ ಎಂದು ಬೈದು ಬಂದಿದ್ದ. ಅದನ್ನೂ ಮುಚ್ಚಿಡದೆ ಹೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತ ಪಕ್ಕದ ಸೀಮೆಯ ವ್ಯಾಪಾರಿಗೆ ಮೂವತ್ತೆರಡು ಕೊಳಗ ರಾಗಿ ಕಳಿಸಿದ. ಹೊತ್ತು ತಂದವನು ಒಬ್ಬ ಗಾಡಿಯವನು. ವ್ಯಾಪಾರಿ ಅಂಗಳದಲ್ಲಿ ರಾಶಿ ಸುರಿಸಿ, ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎಂದು ಶುರುಮಾಡಿ, ತಾನೇ ಅಳೆದ. ಇಪ್ಪತ್ತೊಂಬತ್ತು ಕೊಳಗ ಸರಿಯಾಗಿ ಬಂತು. ಮೂವತ್ತನೆಯದಕ್ಕೆ ತುದಿ ಬರಲಿಲ್ಲ. ಎರಡು ಕೊಳಗ ದಾರಿಯಲ್ಲಿ ಇಳಿಸಿದೆಯಾ, ಎತ್ತು ತಿಂದಿತು ಅನ್ನಬೇಡ ಮತ್ತೆ, ಎಂದು ಎಲ್ಲರ ಎದುರಿಗೆ ಕೇಳಿದ. ಕಳ್ಳನೆಂದು ಹೆಸರು ಬಂದ ಗಾಡಿಗೆ ಆಮೇಲೆ ಯಾರೂ ಹೇರು ಕೊಡುವುದಿಲ್ಲ.

ಗಾಡಿಯವನು ಹತ್ತಾರು ಸಂತೆ ತಿರುಗಿದವನು. ಸಿಟ್ಟಾಗಲಿಲ್ಲ. ಅಳೆಯುವ ಕೈಯನ್ನೇ ನೋಡುತ್ತಿದ್ದ. ಮನೆಗೆ ಬರುವ ಧಾನ್ಯವನ್ನು ಕೋಲು ಎಳೆದು ಮಟ್ಟ ಮಾಡಬಾರದು ಎಂಬುದು ಆ ಮನೆಯ ಪದ್ಧತಿ. ಕೊಳಗದ ಬಾಯಿ ದಾಟಿ ಗೋಪುರ ಏಳುವ ತನಕ ಸುರಿಯುತ್ತಿದ್ದರು. ರೈತನ ಊರಿನಲ್ಲಿ ಬಾಯಿಗೆ ಸಮ ಕೋಲು ಎಳೆದು ಅಳೆಯುತ್ತಾರೆ. ಗಾಡಿಯವನು ತನ್ನ ಬಾರುಕೋಲು ಚಾಚಿ, ಇದನ್ನು ಎಳೆದು ಇನ್ನೊಂದು ಸಲ ಅಳೆಯಿರಿ ಎಂದ. ಅದೇ ರಾಶಿ, ಅದೇ ಕೊಳಗ. ಮೂವತ್ತೆರಡು ಬಂತು.

ವ್ಯಾಪಾರಿ ನಾಚಿಕೊಂಡು, ಒಳಗೆ ಬಾ, ಊಟ ಮಾಡಿಕೊಂಡು ಹೋಗು ಎಂದು ಮೆಲ್ಲಗೆ ಕರೆದ.

"ಊಟ ಆಮೇಲೆ ಸ್ವಾಮಿ," ಎಂದ ಗಾಡಿಯವನು. "ಕಳ್ಳ ಅನ್ನುವಾಗ ಅಂಗಳದಲ್ಲಿ ಹನ್ನೊಂದು ಜನ ಇದ್ದರು. ಅಲ್ಲ ಅನ್ನುವಾಗಲೂ ಹನ್ನೊಂದೇ ಇರಲಿ. ಅದಕ್ಕೆ ಎಲ್ಲ ಊರಲ್ಲೂ ಒಂದೇ ಅಳತೆ."

ಹನ್ನೊಂದೂ ಜನರನ್ನು ಕರೆಸಿದರು. ಇವನು ಕಳ್ಳನಲ್ಲ ಎಂದು ವ್ಯಾಪಾರಿ ಹೇಳಿ ಮುಗಿಸಿದ ಮೇಲೆ ಗಾಡಿಯವನು ಎರಡು ಮುದ್ದೆ ಹೆಚ್ಚಿಗೆ ಉಂಡ.

ಶಿಷ್ಯ ನಕ್ಕ. ಇದರಲ್ಲಿ ಜಿಬಿ ಎಲ್ಲಿ ಬಂತು ಎಂದ.

ಪೆನ್‌ಡ್ರೈವ್ ಮಾಡಿದವರು ಕೋಲು ಎಳೆಯುವವರು, ಅವರಿಗೆ ಸಾವಿರ ಎಂದರೆ ಸಾವಿರ ಎಂದರು ಗುರುಗಳು. ನಿನ್ನ ಕಂಪ್ಯೂಟರು ಇಮ್ಮಡಿ ಮಾಡುತ್ತ ಎಣಿಸುವ ಯಂತ್ರ. ಒಂದನ್ನು ಹತ್ತು ಸಲ ಇಮ್ಮಡಿಸಿದರೆ ಸಾವಿರದ ಇಪ್ಪತ್ತನಾಲ್ಕು. ಅದಕ್ಕೆ ಅದೇ ಸಾವಿರ. ಬೈಟು ಕೆಬಿ ಆಗುವಾಗ ಒಂದು ಗೋಪುರ, ಕೆಬಿ ಎಂಬಿ ಆಗುವಾಗ ಇನ್ನೊಂದು, ಎಂಬಿ ಜಿಬಿ ಆಗುವಾಗ ಮತ್ತೊಂದು. ಕೊಳಗ ದೊಡ್ಡದಾಯಿತು, ಲೆಕ್ಕ ಇಳಿಯಿತು. ರಾಗಿ ಒಂದು ಕಾಳೂ ಕಡಿಮೆಯಾಗಿಲ್ಲ.

ಶಿಷ್ಯನಿಗೆ ಸಮಾಧಾನವಾಯಿತು. ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡು ಎದ್ದ.

"ಬೆಳಿಗ್ಗೆ ದಾನಪ್ಪನ ಅಂಗಡಿಯ ಮುಂದೆ ಎಷ್ಟು ಜನ ಇದ್ದರು?" ಎಂದರು ಗುರುಗಳು.

ಶಿಷ್ಯ ಬೆರಳು ಮಡಿಸಿ ಎಣಿಸುತ್ತ ಅಂಗಡಿಯ ಕಡೆಗೆ ಹೊರಟ.